ಆಗಸ್ಟ್ ಟೊಮೆಟೊ ಮತ್ತು ಮಿಕ್ಸರ್ ಸ್ಟ್ರೈನರ್: ನ್ಯೂಜೆರ್ಸಿಗೆ ಹೊಸದಾಗಿ ಬಂದವರಿಗೆ

ಚಳಿಗಾಲದಲ್ಲಿ ಇಲ್ಲಿನ ಸೂಪರ್‌ಮಾರ್ಕೆಟ್ ಟೊಮೆಟೊ ಹಾಕಿ ಸಾರು ಮಾಡಿದವರಿಗೆ ಗೊತ್ತು: ಬಣ್ಣ ಇರುತ್ತದೆ, ಹುಳಿ ಇರುವುದಿಲ್ಲ. ಅದಕ್ಕೆ ಬೇಸಿಗೆಯಲ್ಲೇ ಸಾಸ್ ಮಾಡಿಟ್ಟುಕೊಳ್ಳಿ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ತೋಟದವರ ಅಂಗಡಿಗಳಲ್ಲಿ ಪ್ಲಮ್ ಟೊಮೆಟೊ (ಉದ್ದನೆಯ, ತಿರುಳು ಜಾಸ್ತಿ ಇರುವ ಜಾತಿ) ಪೆಟ್ಟಿಗೆಗಟ್ಟಲೆ ಸಿಗುತ್ತದೆ. 'ಸೆಕೆಂಡ್ಸ್' ಇದೆಯಾ ಅಂತ ಕೇಳಿ. ಸೊಟ್ಟಗಿರುವ ಹಣ್ಣನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಕೊಳೆತದ್ದು ಮಾತ್ರ ಬೇಡ.

ಊರಿಂದ ತಂದ ಮಿಕ್ಸಿ ಇಲ್ಲಿನ 120 ವೋಲ್ಟ್‌ಗೆ ಸರಿಯಾಗಿ ಓಡುವುದಿಲ್ಲ. ಓಡುವಂಥದ್ದು ಇದ್ದರೂ ಈ ಕೆಲಸಕ್ಕೆ ಬೇಡ. ಬೀಜ, ಸಿಪ್ಪೆ ಎಲ್ಲ ನುಣ್ಣಗಾಗಿ ಕಹಿ ಬಿಡುತ್ತದೆ, ಗಾಳಿ ಸೇರಿ ಕೆಂಪು ಹೋಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೇಕಾಗಿರುವುದು ಅರೆಯುವ ಯಂತ್ರವಲ್ಲ, ಸೋಸುವ ಯಂತ್ರ. ಕಿಚನ್‌ಏಡ್ ಕಂಪನಿಯ ಸ್ಟ್ಯಾಂಡ್ ಮಿಕ್ಸರಿನ (ಇದು ನಮ್ಮ ಮಿಕ್ಸಿಯಲ್ಲ, ಹಿಟ್ಟು ಕಲಸುವ ಯಂತ್ರ) ಮೂತಿಗೆ ಸಿಕ್ಕಿಸುವ ಸ್ಟ್ರೈನರ್ ಅದನ್ನೇ ಮಾಡುತ್ತದೆ. ಕೊಳ್ಳುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಸ್ಟ್ರೈನರ್ ಕೂರುವುದು ಫುಡ್ ಗ್ರೈಂಡರ್ ಮೇಲೆ, ಅದು ಅದೇ ಮಿಕ್ಸರಿಗೆ ಸಿಕ್ಕಿಸುವ ಇನ್ನೊಂದು ಭಾಗ. ಕೆಲವು ಡಬ್ಬಗಳಲ್ಲಿ ಎರಡೂ ಇರುತ್ತವೆ, ಕೆಲವದರಲ್ಲಿ ಸ್ಟ್ರೈನರ್ ಭಾಗ ಮಾತ್ರ. ಮಿಕ್ಸರೇ ಇಲ್ಲದವರು ಸುಮ್ನೆ ದುಡ್ಡು ಸುರಿಯಬೇಡಿ. ಪರಿಚಯದ ಕನ್ನಡದವರ ಮನೆಯಲ್ಲಿದ್ದರೆ ಕೇಳಿ, ಎರಡು ಮನೆಯವರು ಸೇರಿ ಮಾಡಿದರೆ ಕೆಲಸವೂ ಬೇಗ ಆಗುತ್ತದೆ. ಕೈಯಲ್ಲಿ ತಿರುಗಿಸಿ ಸೋಸುವ ಫುಡ್ ಮಿಲ್ ಕೂಡ ಸಾಕು.

ಹಣ್ಣನ್ನು ಹಸಿಯಾಗಿಯೇ ಹಾಕಬಹುದು. ಆದರೆ ಮೊದಲು ಬಿಸಿ ಮಾಡಿದರೆ ಸಾಸ್ ಗಟ್ಟಿ ಬರುತ್ತದೆ. ಹೆಚ್ಚಿದ ಕೂಡಲೇ ಟೊಮೆಟೊದ ಕಿಣ್ವಗಳು ಅದನ್ನು ಗಟ್ಟಿಯಾಗಿಡುವ ಪೆಕ್ಟಿನ್ ಅನ್ನೋ ಅಂಶವನ್ನು ಒಡೆಯಲು ಶುರು ಮಾಡುತ್ತವೆ, ಆಮೇಲೆ ನೀರು ಬೇರೆ, ತಿರುಳು ಬೇರೆ ಆಗುತ್ತದೆ. ಬೇಗ ಕುದಿ ಬಂದರೆ ಆ ಕಿಣ್ವ ಸಾಯುತ್ತದೆ. ಅದಕ್ಕೆ ಎಲ್ಲವನ್ನೂ ಹೆಚ್ಚಿಟ್ಟುಕೊಂಡು ಕೂರಬೇಡಿ. ಸ್ವಲ್ಪ ಹೆಚ್ಚಿ ಪಾತ್ರೆಗೆ ಹಾಕಿ, ಕಿವುಚಿ, ಕುದಿಸಿ. ಕುದಿ ನಿಲ್ಲದ ಹಾಗೆ ಉಳಿದದ್ದನ್ನು ಹೆಚ್ಚುತ್ತಾ ಸೇರಿಸಿ. ಐದು ನಿಮಿಷ ಕುದಿಸಿ, ಸ್ವಲ್ಪ ಆರಲು ಬಿಡಿ.

ಮಿಕ್ಸರ್ ವೇಗ 4ಕ್ಕಿಡಿ. ಮೇಲಿಂದ ಹಣ್ಣು ಹಾಕಿ, ಜೊತೆಗೆ ಕೊಟ್ಟಿರುವ ಕೋಲಿನಿಂದಲೇ ತಳ್ಳಿ, ಬೆರಳು ಬೇಡ. ಒಳಗಿನ ಸುರುಳಿ ಹಣ್ಣನ್ನು ಉದ್ದನೆಯ ಜರಡಿಗೆ ಒತ್ತುತ್ತದೆ. ರಸ ತೂತುಗಳಿಂದ ಇಳಿದು ತಟ್ಟೆಯ ಮೇಲೆ ಜಾರಿ ಪಕ್ಕದ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೀಜ ತುದಿಯಿಂದ ಆಚೆ ಬರುತ್ತವೆ. ಎರಡಕ್ಕೂ ಪಾತ್ರೆ ಇಡಿ. ಆಚೆ ಬಂದ ಚರಟವನ್ನು ಹಿಂಡಿ ನೋಡಿ, ಇನ್ನೂ ಒದ್ದೆಯಾಗಿರುತ್ತದೆ. ಅದನ್ನು ಮತ್ತೊಂದು ಸಲ ಹಾಕಿ. ಎರಡನೇ ಸಲ ಬರುವುದೇ ಗಟ್ಟಿ ತಿರುಳು, ಇದನ್ನು ಬಿಡಲೇಬೇಡಿ. ಕೆಲಸ ಮುಗಿದ ಕೂಡಲೇ ಜರಡಿ ತೊಳೆಯಿರಿ, ಒಣಗಿದರೆ ತೂತು ಬಿಡಿಸುವುದು ಕಷ್ಟ.

ಆಮೇಲೆ ರಸವನ್ನು ಅಗಲ ಪಾತ್ರೆಯಲ್ಲಿ ಅರ್ಧದಷ್ಟಾಗುವವರೆಗೆ ಸಣ್ಣ ಉರಿಯಲ್ಲಿ ಬತ್ತಿಸಿ. ಗಟ್ಟಿಯಾದ ಹಾಗೆ ತಳ ಹಿಡಿಯುತ್ತದೆ, ಕೈಯಾಡಿಸುತ್ತಿರಿ.

ಇಡುವ ವಿಷಯದಲ್ಲಿ ನಮ್ಮವರು ಹುಷಾರಾಗಿರಬೇಕು. ಫ್ರೀಜರ್‌ನಲ್ಲಿ ಇಡುವುದಾದರೆ ಚಿಂತೆಯಿಲ್ಲ, ಡಬ್ಬಿಯಲ್ಲಿ ಸ್ವಲ್ಪ ಜಾಗ ಬಿಟ್ಟು ತುಂಬಿಸಿ. ಗಾಜಿನ ಜಾರ್‌ನಲ್ಲಿ ಹೊರಗಡೆ ಇಡುವುದಾದರೆ ಅಮೆರಿಕದ ಕೃಷಿ ಇಲಾಖೆಯ ನಿಯಮವನ್ನು ಒಂದಿಷ್ಟೂ ಬದಲಾಯಿಸಬೇಡಿ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಹೆಚ್ಚಾದಷ್ಟೂ ಹುಳಿ ಕಡಿಮೆ. ಟೊಮೆಟೊದ ಪಿಎಚ್ 4.6ರ ಆಸುಪಾಸು ಇರುತ್ತದೆ, ಅದಕ್ಕಿಂತ ಮೇಲೆ ಹೋದರೆ ಮುಚ್ಚಿದ ಜಾರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದು ಪ್ರಾಣ ತೆಗೆಯಬಲ್ಲ ಬೊಟುಲಿಸಂ ವಿಷ ಹುಟ್ಟಬಹುದು. ನೋಡಿದರೆ, ಮೂಸಿದರೆ ಗೊತ್ತಾಗದೇ ಇರಬಹುದು. ಅದಕ್ಕೆ ಪ್ರತಿ ಪೈಂಟ್ (ಸುಮಾರು ಅರ್ಧ ಲೀಟರ್) ಜಾರ್‌ಗೆ 1 ದೊಡ್ಡ ಚಮಚ (ಟೇಬಲ್‌ಸ್ಪೂನ್) ಬಾಟಲಿಯ ನಿಂಬೆ ರಸ ಹಾಕಿ. ಮನೆಯಲ್ಲಿ ಹಿಂಡಿದ ರಸದ ಹುಳಿ ಒಂದೊಂದು ಹಣ್ಣಿಗೆ ಒಂದೊಂದು ಥರ, ಅದು ಬೇಡ. ಹುಣಸೆ ರಸವೂ ಇದಕ್ಕೆ ಬದಲಿ ಅಲ್ಲ. ಬಿಸಿ ಸಾಸ್ ತುಂಬಿದ ಪೈಂಟ್ ಜಾರ್‌ಗಳನ್ನು ನೀರಲ್ಲಿ ಮುಳುಗಿಸಿ 35 ನಿಮಿಷ ಕುದಿಸಬೇಕು. ಇದು ಸಮುದ್ರ ಮಟ್ಟದಿಂದ 1,000 ಅಡಿ ಎತ್ತರದವರೆಗಿನ ಊರುಗಳ ಲೆಕ್ಕ. ತುಂಬಾ ಎತ್ತರದಲ್ಲಿರುವ ಡೆನ್ವರ್‌ನಂಥ ಊರಿಗೆ 45 ನಿಮಿಷ.

ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ ಒಗ್ಗರಣೆ ಹಾಕಿ ಗೊಜ್ಜಿನ ಥರ ಮಾಡಿ ಜಾರ್‌ಗೆ ತುಂಬೋಣ ಅನ್ನಿಸುತ್ತದೆ ಅಲ್ವಾ? ದಯವಿಟ್ಟು ಬೇಡ. ಅವು ಸೇರಿದರೆ ಹುಳಿಯ ಲೆಕ್ಕವೂ ಕುದಿಸುವ ಲೆಕ್ಕವೂ ತಪ್ಪುತ್ತದೆ. ಸಾಸ್ ಬರೀ ಟೊಮೆಟೊದ್ದಾಗಿರಲಿ, ಒಗ್ಗರಣೆಯನ್ನು ಜಾರ್ ತೆರೆದ ದಿನ ಹಾಕಿಕೊಳ್ಳಿ. ತೆರೆದ ಜಾರ್ ಫ್ರಿಜ್‌ನಲ್ಲಿರಲಿ. ತೆರೆಯದವುಗಳ ಮೇಲೆ ತಾರೀಕು ಬರೆದಿಟ್ಟು, ಒಂದು ವರ್ಷದೊಳಗೆ ಖಾಲಿ ಮಾಡಿ.