ಅಮೆರಿಕದ ಸೇನಾ ನೀತಿಯ ಬರಹಗಳನ್ನು ಬೆನ್ನುಹತ್ತಿ ಓದುವ ಕ್ರಮ

ಅಮೆರಿಕದ ಸೇನಾ ತಂತ್ರ ಮತ್ತು ವಿದೇಶಾಂಗ ನೀತಿಯ ಬಗ್ಗೆ ಬರೆಯುವವರಲ್ಲಿ ಒಬ್ಬ ಪತ್ರಕರ್ತರನ್ನು ಆರಿಸಿಕೊಂಡು ಎರಡು ಮೂರು ವರ್ಷ ಬಿಡದೆ ಓದಿದರೆ, ದಿನಕ್ಕೊಬ್ಬರನ್ನು ಓದುವುದಕ್ಕಿಂತ ಹೆಚ್ಚು ದಕ್ಕುತ್ತದೆ. ಅವರೊಡನೆ ಯಾರು ಮಾತನಾಡುತ್ತಾರೆ, ಅವರಿಗೆ ಯಾವ ವಿಷಯದಲ್ಲಿ ಕೈ ಪಳಗಿದೆ, ಎಲ್ಲಿ ಅವಸರಪಡುತ್ತಾರೆ ಎಂಬುದು ಹಾಗೆ ಓದುತ್ತಾ ಹೋದಾಗ ಮಾತ್ರ ಗೊತ್ತಾಗುತ್ತದೆ.

ಆಯ್ಕೆಯನ್ನು ಅವರ ಹಳೆಯ ಬರಹಗಳಿಂದ ಆರಂಭಿಸಿ. ಫಲಿತಾಂಶ ಈಗಾಗಲೇ ತಿಳಿದಿರುವ ಒಂದು ಘಟನೆಯನ್ನು ತೆಗೆದುಕೊಂಡು, ಅದು ನಡೆಯುವ ಮುಂಚೆ ಅವರು ಏನು ಬರೆದಿದ್ದರು ಎಂದು ನೋಡಿ. ಹಿರಿಯ ಪತ್ರಕರ್ತರಾದರೆ 2003ರ ಇರಾಕ್ ಯುದ್ಧಕ್ಕೆ ಮೊದಲಿನ ತಿಂಗಳುಗಳ ಬರಹಗಳು ಒಳ್ಳೆಯ ಒರೆಗಲ್ಲು. ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ಸರ್ಕಾರದ ವಾದವನ್ನು ದೊಡ್ಡ ಪತ್ರಿಕೆಗಳು ಹೆಚ್ಚಾಗಿ ನಂಬಿದವು. ತಮ್ಮ ವರದಿಗಾರಿಕೆ ಇನ್ನಷ್ಟು ಕಟ್ಟುನಿಟ್ಟಾಗಿರಬೇಕಿತ್ತು ಎಂದು ನ್ಯೂಯಾರ್ಕ್ ಟೈಮ್ಸ್‌ನ ಸಂಪಾದಕರು 2004ರ ಮೇ ತಿಂಗಳಲ್ಲಿ ಓದುಗರಿಗೆ ಬರೆದರು. ಅದೇ ಅವಧಿಯಲ್ಲಿ ನೈಟ್ ರಿಡರ್ ಎಂಬ ಪತ್ರಿಕಾ ಸಂಸ್ಥೆಯ ವಾಷಿಂಗ್ಟನ್ ಕಚೇರಿಯ ವರದಿಗಾರರು ಗುಪ್ತಚರ ಸಂಸ್ಥೆಗಳ ಕೆಳ ಮತ್ತು ಮಧ್ಯಮ ಹಂತದ ಅಧಿಕಾರಿಗಳನ್ನು ವಿಚಾರಿಸಿ ಅನುಮಾನದ ವರದಿಗಳನ್ನು ಪ್ರಕಟಿಸುತ್ತಿದ್ದರು. ಯಾರ ಊಹೆ ನಿಜವಾಯಿತು ಎಂದು ಲೆಕ್ಕ ಹಾಕುವುದಕ್ಕಿಂತ, ಯಾರು ಯಾರನ್ನು ಕೇಳಿದರು ಎಂದು ಗಮನಿಸುವುದು ಹೆಚ್ಚು ಉಪಯುಕ್ತ.

ಓದುವ ಮುನ್ನ ಅಧಿಕಾರದ ಸಾಲು ಸ್ಪಷ್ಟವಾಗಿರಬೇಕು. 1986ರ ಗೋಲ್ಡ್‌ವಾಟರ್–ನಿಕೋಲ್ಸ್ ಕಾಯ್ದೆಯ ನಂತರ ಯುದ್ಧದ ಆಜ್ಞೆ ಅಧ್ಯಕ್ಷರಿಂದ ರಕ್ಷಣಾ ಕಾರ್ಯದರ್ಶಿಗೆ, ಅಲ್ಲಿಂದ ನೇರವಾಗಿ ಆಯಾ ಕಮಾಂಡಿನ, ಅಂದರೆ ಒಂದೊಂದು ಪ್ರದೇಶದ ಅಥವಾ ಕೆಲಸದ ಹೊಣೆ ಹೊತ್ತ ಸೇನಾ ಘಟಕದ, ದಂಡನಾಯಕರಿಗೆ ಹೋಗುತ್ತದೆ. ಜಂಟಿ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರು ಅತ್ಯುನ್ನತ ಸೇನಾಧಿಕಾರಿಯಾದರೂ ಅವರ ಕೆಲಸ ಸಲಹೆ ನೀಡುವುದು. ಆ ಸಾಲಿನಲ್ಲಿ ಅವರಿಲ್ಲ. ಪಶ್ಚಿಮ ಏಷ್ಯಾದ ಹೊಣೆ ಹೊತ್ತ ಸೆಂಟ್ರಲ್ ಕಮಾಂಡ್ ಫ್ಲೋರಿಡಾದ ಟ್ಯಾಂಪಾದಲ್ಲಿದ್ದರೆ, ಇಂಡೋ–ಪೆಸಿಫಿಕ್ ಕಮಾಂಡ್ ಹವಾಯಿಯಲ್ಲಿದೆ. ಹಡಗು, ಕ್ಷಿಪಣಿ ಮತ್ತು ಸೈನಿಕರಿಗಾಗಿ ಇವೆರಡರ ನಡುವೆ ಸದಾ ಎಳೆದಾಟವಿರುವುದರಿಂದ, “ಪೆಂಟಗನ್ ಬಯಸುತ್ತದೆ” ಎಂಬ ವಾಕ್ಯ ಕಂಡಾಗ ಬಯಸುತ್ತಿರುವುದು ಯಾವ ಕಮಾಂಡ್, ಯಾವ ಸೇನಾ ವಿಭಾಗ ಎಂದು ಹುಡುಕಿ. ಒಳ್ಳೆಯ ಪತ್ರಕರ್ತರು ಅದನ್ನು ಲೇಖನದಲ್ಲೇ ಹೇಳಿರುತ್ತಾರೆ.

ಆನಂತರ ಘೋಷಣೆಯನ್ನೂ ಹಣವನ್ನೂ ಬೇರ್ಪಡಿಸಿ ಓದಿ. 2018ರ ರಾಷ್ಟ್ರೀಯ ರಕ್ಷಣಾ ಕಾರ್ಯತಂತ್ರವು ಭಯೋತ್ಪಾದನೆಗಿಂತ ಚೀನಾ ಮತ್ತು ರಷ್ಯಾದೊಂದಿಗಿನ ಪೈಪೋಟಿಯೇ ಮುಖ್ಯ ಎಂದು ಸಾರಿತು. ಮರುವರ್ಷ ಇರಾನ್ ಜೊತೆ ಬಿಕ್ಕಟ್ಟು ಬಿಗಡಾಯಿಸಿದಾಗ ಹೆಚ್ಚುವರಿ ಸೈನಿಕರು ಹೋದದ್ದು ಮತ್ತೆ ಪಶ್ಚಿಮ ಏಷ್ಯಾಕ್ಕೇ. ಹಣದ ವಿಷಯದಲ್ಲೂ ಎರಡು ಮೆಟ್ಟಿಲುಗಳಿವೆ. ಪ್ರತಿವರ್ಷದ ರಕ್ಷಣಾ ಅಧಿಕಾರ ಕಾಯ್ದೆ ಖರ್ಚಿಗೆ ಒಪ್ಪಿಗೆ ಕೊಡುತ್ತದೆ, ನಿಜವಾಗಿ ಹಣ ಕೊಡುವುದು ಪ್ರತ್ಯೇಕ ಅನುದಾನ ಮಸೂದೆ. ಹೊಸ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಯಾವುದಾದರೂ ವಿಮಾನ ಅಥವಾ ಕ್ಷಿಪಣಿ ಅತ್ಯಗತ್ಯವೆಂದು ವಾದಿಸುವ ಲೇಖನ ಬಂದರೆ, ಆ ವಾದಕ್ಕೆ ಮಾಹಿತಿ ಒದಗಿಸಿದವರು ಯಾರಿರಬಹುದು ಎಂದು ಯೋಚಿಸುವುದು ನ್ಯಾಯವೇ.

ಹೆಚ್ಚು ಎಚ್ಚರ ಬೇಕಾದದ್ದು ಹೆಸರು ಹೇಳಲಿಚ್ಛಿಸದ ಅಧಿಕಾರಿಗಳ ಮಾತಿನ ಬಗ್ಗೆ. ಈ ಕ್ಷೇತ್ರದಲ್ಲಿ ಅಂಥ ಮೂಲಗಳಿಲ್ಲದೆ ಬರೆಯಲಾಗದು, ಹಾಗಾಗಿ ಅವುಗಳನ್ನು ಸಾರಾಸಗಟಾಗಿ ತಳ್ಳಿಹಾಕಬಾರದು. ಆದರೆ ಹೇಳುವವರಿಗೆ ಅದನ್ನು ಕಣ್ಣಾರೆ ತಿಳಿಯುವ ಅವಕಾಶವಿತ್ತೇ ಎಂಬುದನ್ನು ನೋಡಬೇಕು. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ನಡೆದ ಡ್ರೋನ್ ದಾಳಿಯಲ್ಲಿ ಸ್ಫೋಟಕ ತುಂಬಿದ ಕಾರೊಂದನ್ನು ನಾಶಮಾಡಲಾಯಿತು ಎಂದು ಸೇನೆ ಹೇಳಿತು, ಎರಡನೇ ಸ್ಫೋಟವೂ ಆಯಿತೆಂದು ಅದಕ್ಕೆ ಆಧಾರ ಕೊಟ್ಟಿತು. ಸೆಪ್ಟೆಂಬರ್ 10ರಂದು ಪ್ರಕಟವಾದ ನ್ಯೂಯಾರ್ಕ್ ಟೈಮ್ಸ್‌ನ ದೃಶ್ಯ ತನಿಖೆಯು, ಕಾರಿನ ಚಾಲಕ ಒಂದು ನೆರವು ಸಂಸ್ಥೆಯ ನೌಕರನೆಂದೂ ಅವನು ಕಾರಿಗೆ ತುಂಬುತ್ತಿದ್ದದ್ದು ನೀರಿನ ಕ್ಯಾನುಗಳೆಂದೂ ತೋರಿಸಿತು. ಸೆಪ್ಟೆಂಬರ್ 17ರಂದು ಸೇನೆ ತಪ್ಪೊಪ್ಪಿಕೊಂಡಿತು. ಸತ್ತ ಹತ್ತು ಮಂದಿಯೂ ನಾಗರಿಕರು, ಅವರಲ್ಲಿ ಏಳು ಮಕ್ಕಳು. ಆ ಮೂರು ವಾರಗಳಲ್ಲಿ ನೀವು ಓದುವ ಪತ್ರಕರ್ತರು “ಸೇನೆಯ ಹೇಳಿಕೆಯಂತೆ” ಎಂದು ಬರೆದಿದ್ದರೋ, ನಡೆದೇಹೋದ ಸಂಗತಿಯಂತೆ ಬರೆದಿದ್ದರೋ ಎಂದು ಹುಡುಕಿ ನೋಡಿ. ಆ ಒಂದು ಪದಪುಂಜದಿಂದಲೇ ಅವರ ಶಿಸ್ತಿನ ಅಂದಾಜು ಸಿಗುತ್ತದೆ.

ವರದಿಯ ಹಿಂದಿರುವ ದಾಖಲೆಗಳನ್ನು ತೆರೆದು ನೋಡುವ ಅಭ್ಯಾಸವೂ ಬೇಕು. ಸೆನೆಟ್ ಸಶಸ್ತ್ರ ಸೇವೆಗಳ ಸಮಿತಿಯ ಮುಂದೆ ದಂಡನಾಯಕರು ನೀಡುವ ಲಿಖಿತ ಹೇಳಿಕೆಗಳು, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸಂಶೋಧನಾ ಸೇವೆಯ ವರದಿಗಳು, ಸರ್ಕಾರಿ ಲೆಕ್ಕಪರಿಶೋಧಕರ ವರದಿಗಳು ಯಾರು ಬೇಕಾದರೂ ಓದಬಹುದಾದಂಥವು. ಆಫ್ಘಾನಿಸ್ತಾನದ ಪುನರ್‌ನಿರ್ಮಾಣದ ವಿಶೇಷ ಮಹಾಪರಿಶೋಧಕರ ಕಚೇರಿ ನಡೆಸಿದ್ದ ಸಂದರ್ಶನಗಳನ್ನು ವಾಷಿಂಗ್ಟನ್ ಪೋಸ್ಟ್ ಮೂರು ವರ್ಷ ಕಾನೂನು ಹೋರಾಟ ನಡೆಸಿ ಪಡೆದು 2019ರ ಡಿಸೆಂಬರಿನಲ್ಲಿ ಪ್ರಕಟಿಸಿದಾಗ, ಹೊರಗೆ ಪ್ರಗತಿಯ ಮಾತನಾಡುತ್ತಿದ್ದ ಅಧಿಕಾರಿಗಳು ಒಳಗೆ ಬೇರೆಯದನ್ನೇ ಹೇಳಿದ್ದರೆಂದು ಗೊತ್ತಾಯಿತು.

ಕಾನೂನಿನ ಎರಡು ಅಂಶಗಳು ನೆನಪಿದ್ದರೆ ಸಾಕು. 1973ರ ಯುದ್ಧಾಧಿಕಾರ ನಿರ್ಣಯದಂತೆ ಅಧ್ಯಕ್ಷರು ಸೇನೆಯನ್ನು ಕಾಳಗಕ್ಕಿಳಿಸಿದರೆ 48 ಗಂಟೆಗಳಲ್ಲಿ ಕಾಂಗ್ರೆಸ್ಸಿಗೆ ತಿಳಿಸಬೇಕು, ಅದರ ಒಪ್ಪಿಗೆಯಿಲ್ಲದೆ 60 ದಿನ ಮೀರಿ ಮುಂದುವರಿಸಬಾರದು. 2001ರ ಸೆಪ್ಟೆಂಬರ್ ದಾಳಿಯ ನಂತರ ಅಂಗೀಕರಿಸಿದ ಬಲಪ್ರಯೋಗದ ಅನುಮತಿಯನ್ನು ಮುಂದಿನ ಅಧ್ಯಕ್ಷರು ಅದರಲ್ಲಿ ಹೆಸರಿಲ್ಲದ ದೇಶಗಳಿಗೂ ಗುಂಪುಗಳಿಗೂ ಹಿಗ್ಗಿಸಿ ಬಳಸಿದ್ದಾರೆ.

ಕೊನೆಯದಾಗಿ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಲೇಖನದಿಂದ ಒಂದೇ ಒಂದು ಪ್ರತಿಪಾದನೆಯನ್ನು ದಿನಾಂಕದೊಂದಿಗೆ ಬರೆದು, ಅದು ನಿರ್ಧಾರವೋ, ಪ್ರಸ್ತಾಪವೋ, ಲೇಖಕರ ಅಭಿಪ್ರಾಯವೋ ಎಂದು ಪಕ್ಕದಲ್ಲಿ ಗುರುತು ಹಾಕಿ. ಆರು ತಿಂಗಳಿಗೊಮ್ಮೆ ಹಿಂದಿನ ಪುಟಗಳಿಗೆ ಹೋಗಿ ಏನಾಯಿತೆಂದು ಅದೇ ಸಾಲಿನ ಮುಂದೆ ಬರೆಯಿರಿ. ಪತ್ರಕರ್ತರು ತಮ್ಮ ಹಿಂದಿನ ಮಾತು ತಪ್ಪಾಗಿತ್ತೆಂದು ತಾವೇ ಹೇಳಿದ್ದರೆ, ಅದನ್ನು ಬೇರೆ ಬಣ್ಣದ ಶಾಯಿಯಲ್ಲಿ ದಾಖಲಿಸಿ.