ಸಣ್ಣ ಕಾರ್ಖಾನೆಯ ಹೊಸ ಏರ್ ರೈಫಲ್: ಮೊದಲ ವಾರ ಏನೇನು ಪರೀಕ್ಷಿಸಬೇಕು

ಹೊಸ ಏರ್ ರೈಫಲ್ ಮನೆಗೆ ಬಂದ ದಿನ ಸ್ಕ್ರೂ ಡ್ರೈವರ್ ಹುಡುಕಬೇಡಿ. ಎಣ್ಣೆ ಡಬ್ಬಿಯನ್ನೂ ಮುಟ್ಟಬೇಡಿ. ಮೊದಲು ನೋಡಿ, ಅಳೆಯಿರಿ, ಬರೆದಿಡಿ. ಬಿಚ್ಚಿದ ರೈಫಲ್ ವಾಪಸ್ ಒಯ್ದರೆ "ನೀವೇ ಕೆಡಿಸಿದ್ದೀರಿ" ಅನ್ನುವುದು ಮಾಡಿದವರಿಗೆ ಸುಲಭ. ಬಿಚ್ಚದೆ, ಅಳತೆಯ ಸಮೇತ ಕೊಟ್ಟರೆ ತಪ್ಪು ಎಲ್ಲಾಗಿದೆ ಎಂದು ಅವರಿಗೂ ತಿಳಿಯುತ್ತದೆ.

ನಾನು ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುವವಳು. ಊರು ವಿಜಯಪುರ. ಮಗಳು ಪುಣೆಯಲ್ಲೇ ಇರುವ ಬಾಲೇವಾಡಿಯಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. 2024ರಲ್ಲಿ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನ ರೈಫಲ್ ಶೂಟಿಂಗ್‌ನಲ್ಲಿ ಕಂಚು ಗೆದ್ದ ಮೇಲೆ ನಮ್ಮ ಪರಿಚಯದ ಕನ್ನಡದ ಮನೆಗಳಲ್ಲೂ ಮಕ್ಕಳು ರೈಫಲ್ ಕೇಳುತ್ತಿದ್ದಾರೆ. ತಂದವರು "ಅಕ್ಕಾರ, ಒಮ್ಮೆ ನೋಡಿಬಿಡ್ರಿ" ಎಂದು ನನ್ನ ಹತ್ತಿರ ಬರುತ್ತಾರೆ. ಹೊರದೇಶದ ಮ್ಯಾಚ್ ರೈಫಲ್ ಎರಡು ಲಕ್ಷ ದಾಟುತ್ತದೆ. ನಮ್ಮಲ್ಲೇ ಸಣ್ಣ ಕಾರ್ಖಾನೆಗಳು ಪಿಸಿಪಿ ರೈಫಲ್ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವಂಥದ್ದು) ಮಾಡುತ್ತಿರುವುದು ನನಗೆ ಮನಸಾರೆ ಖುಷಿ. ಅವು ಬೆಳೆಯಬೇಕು. ಅದಕ್ಕೇ ಮೊದಲ ಬ್ಯಾಚಿನ ತಪ್ಪುಗಳನ್ನು ನಾವು ಸರಿಯಾಗಿ ಹಿಡಿದು ಕೊಡಬೇಕು.

ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ತಿಳಿದರೆ ಹುಡುಕುವುದು ಸುಲಭ. ಸಣ್ಣ ಕಾರ್ಖಾನೆಯಲ್ಲಿ ಡ್ರಾಯಿಂಗ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮೊದಲ ಒಂದೆರಡು ರೈಫಲ್‌ಗಳನ್ನು ಮಾಲೀಕರೇ ಕೂತು ಕೈಯಾರೆ ಹೊಂದಿಸಿರುತ್ತಾರೆ. ಬ್ಯಾಚ್ ಶುರುವಾದಾಗ ಹೀಟ್ ಟ್ರೀಟ್‌ಮೆಂಟ್, ಅನೊಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಗಟ್ಟಿ ಪದರ ಬೆಳೆಸುವುದು) ಎಲ್ಲ ಹೊರಗೆ ಜಾಬ್ ವರ್ಕ್‌ಗೆ ಹೋಗುತ್ತವೆ. ಅಲ್ಲಿಂದ ಬಂದ ಭಾಗವನ್ನು ಮತ್ತೆ ಅಳೆಯಲು ಆಳು ಇರುವುದಿಲ್ಲ. ಹಾರ್ಡ್ ಅನೊಡೈಸಿಂಗ್ ಪದರ 50 ಮೈಕ್ರಾನ್ ಇದ್ದರೆ ಅದರಲ್ಲಿ ಸುಮಾರು ಅರ್ಧ ಲೋಹದ ಮೇಲೆ ಬೆಳೆಯುತ್ತದೆ. ಹಾಗಾಗಿ ರಂಧ್ರದ ವ್ಯಾಸ 50 ಮೈಕ್ರಾನ್ ಕಡಿಮೆಯಾಗುತ್ತದೆ. ಸಲೀಸಾಗಿ ಓಡಬೇಕಾದ ಭಾಗ ಅಲ್ಲಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಹಳೆಯ ರೋಗ ಬರ್. ಟ್ಯೂಬಿಗೆ ಅಡ್ಡಲಾಗಿ ಗಾಳಿಯ ರಂಧ್ರ ಕೊರೆದಾಗ ಒಳಗಿನ ಅಂಚಿನಲ್ಲಿ ಲೋಹದ ಚೂಪು ಉಳಿಯುತ್ತದೆ. ಅದನ್ನು ತೆಗೆಯದೆ ಜೋಡಿಸಿದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಆ ಅಂಚನ್ನು ದಾಟುವಾಗ ಸಣ್ಣಗೆ ಕುಯ್ದುಕೊಳ್ಳುತ್ತದೆ. ಹೊಸ ರೈಫಲ್ ಗಾಳಿ ಬಿಡುವುದಕ್ಕೆ ಇದು ದೊಡ್ಡ ಕಾರಣ.

ಗಾಳಿ ತುಂಬುವ ಮುಂಚೆ ಸಿಲಿಂಡರ್ ನೋಡಿ. ತಯಾರಾದ ತಿಂಗಳು, ವರ್ಷ ಮತ್ತು ಎಷ್ಟು ಬಾರ್ (ಒತ್ತಡದ ಅಳತೆ) ತುಂಬಬಹುದು ಎಂಬುದು ಅದರ ಮೇಲೆ ಅಚ್ಚಾಗಿರಬೇಕು. ಹೆಸರಾಂತ ಕಂಪನಿಗಳು ಹಲವು ಸಿಲಿಂಡರ್‌ಗಳಿಗೆ 10 ವರ್ಷದ ಆಯುಷ್ಯ ಕೊಡುತ್ತವೆ. ನಿಮ್ಮದರ ಮೇಲೆ ಏನೂ ಬರೆದಿಲ್ಲವೇ? ತುಂಬಬೇಡಿ, ವಾಪಸ್ ಕಳಿಸಿ. ಈ ವಿಷಯದಲ್ಲಿ ಮುಲಾಜು ಬೇಡ. ತುಂಬುವುದು ಒಣ ಗಾಳಿ ಮಾತ್ರ. ಆಕ್ಸಿಜನ್ ತುಂಬಿದರೆ ಸ್ಫೋಟವಾಗಬಹುದು.

ಸೋರಿಕೆ ನೋಡಲು ಒಂದು ರಾತ್ರಿ ಬೇಕು. ಪುಸ್ತಕದಲ್ಲಿ ಹೇಳಿದಷ್ಟು ತುಂಬಿ, ಸಾಮಾನ್ಯವಾಗಿ 200 ಬಾರ್. ತುಂಬುವಾಗ ಗಾಳಿ ಬಿಸಿಯಾಗುತ್ತದೆ, ಒಂದು ಗಂಟೆ ಬಿಟ್ಟು ಗೇಜ್ ಓದಿ. ಕೋಣೆಯ ಉಷ್ಣತೆಯನ್ನೂ ಪಕ್ಕದಲ್ಲಿ ಬರೆಯಿರಿ. ಪುಣೆಯ ಚಳಿಗಾಲದಲ್ಲಿ ಇದು ಬಹಳ ಮುಖ್ಯ. ಮಧ್ಯಾಹ್ನ 30 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು ಬೆಳಗಿನ 12 ಡಿಗ್ರಿಯಲ್ಲಿ 188ರ ಹತ್ತಿರ ಇಳಿಯುತ್ತದೆ. ಒಂದು ತೊಟ್ಟು ಗಾಳಿಯೂ ಹೋಗಿರುವುದಿಲ್ಲ. ಮರುದಿನ ಅದೇ ಹೊತ್ತಿಗೆ, ಅದೇ ಉಷ್ಣತೆಯಲ್ಲಿ ಓದಿದಾಗಲೂ ಮುಳ್ಳು ಕೆಳಗಿದ್ದರೆ ಆಗ ಸೋರಿಕೆ. ಸೋಪು ನೀರನ್ನು ಬ್ರಷ್‌ನಲ್ಲಿ ಗೇಜ್ ಸುತ್ತ, ಸಿಲಿಂಡರ್ ಸೇರುವ ಕಡೆ ಸವರಿ. ಗುಳ್ಳೆ ಬಂದರೆ ವಿಡಿಯೊ ತೆಗೆಯಿರಿ.

ಟ್ರಿಗರ್ ಪರೀಕ್ಷೆಗೆ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಹಾಕಲೇಬೇಡಿ. ಬ್ಯಾರಲ್ ಖಾಲಿ ಎಂದು ಎರಡು ಸಲ ನೋಡಿ, ಬಾಯಿಯನ್ನು ಟಾರ್ಗೆಟ್ ಕಡೆಗೇ ಇಟ್ಟು ಕಾಕ್ ಮಾಡಿ, ಅಂದರೆ ಹೊಡೆಯಲು ಸಜ್ಜಾಗಿಸಿ. ಭುಜಕ್ಕೆ ಒರಗಿಸುವ ಬಟ್ಟಿನ ಹಿಂಭಾಗಕ್ಕೆ ಅಂಗೈಯಿಂದ ಗಟ್ಟಿಯಾಗಿ ತಟ್ಟಿ. ತಾನಾಗಿಯೇ ಬಿಟ್ಟುಕೊಂಡರೆ ಆ ರೈಫಲ್ ಮಕ್ಕಳ ಕೈಗೆ ಹೋಗಬಾರದು. ಅವತ್ತೇ ಪ್ಯಾಕ್ ಮಾಡಿ. ಟ್ರಿಗರ್ ಹಗುರವಾಗಿದೆ ಎಂಬುದು ದೋಷವಲ್ಲ, ಮ್ಯಾಚ್ ಟ್ರಿಗರ್ ಎಳೆಯಲು ಬೇಕಾಗುವ ಭಾರ 100 ಗ್ರಾಮಿಗಿಂತ ಕಡಿಮೆಯೂ ಇರುತ್ತದೆ. ಒಮ್ಮೆ 90, ಮತ್ತೊಮ್ಮೆ 140 ಬಂದರೆ ದೋಷ.

ಇನ್ನು ಬ್ಯಾರಲ್. ರೈಫಲಿನ ಜೀವ ಇಲ್ಲೇ ಇದೆ, ಇಲ್ಲಿ ಅವಸರ ಬೇಡ. ಗಾಳಿ ಪೂರ್ತಿ ಇಳಿಸಿ, ಸಿಲಿಂಡರ್ ಬಿಡಿಸಿ ಇಡಿ. ಕಾರ್ಖಾನೆಯ ಎಣ್ಣೆ ಒರೆಸಲು ಒಣ ಬಟ್ಟೆಯನ್ನು ಹಿಂದಿನಿಂದ ಮುಂದಕ್ಕೆ ಎಳೆಯಬಹುದು. ಆಮೇಲೆ ಒಂದು ಪೆಲೆಟ್ ಹಾಕಿ, ತೆಳು ಪ್ಲಾಸ್ಟಿಕ್ ಲೇಪನದ ರಾಡಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ. ಕೈಗೆ ಒಂದೇ ಸಮನೆ ಬಿಗಿ ಸಿಗಬೇಕು. ನಡುವೆ ಸಡಿಲವಾಗಿ ಮತ್ತೆ ಬಿಗಿಯಾದರೆ ಒಳಗಿನ ಅಳತೆ ಏರುಪೇರಾಗಿದೆ. ಹೊರಬಂದ ಪೆಲೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಲೂ ಗೆರೆಗಳು ಸಮವಾಗಿರಬೇಕು. ಹಿಂದಿನ ಲಂಗದಂಥ ಅಂಚಿನ ಒಂದೇ ಬದಿ ಸೀಸ ಕೆರೆದಿದ್ದರೆ, ಪೆಲೆಟ್ ತಳ್ಳುವ ಪಿನ್ ಬ್ಯಾರಲಿಗೆ ನೇರವಾಗಿಲ್ಲ ಅಥವಾ ಪೆಲೆಟ್ ಒಳಹೋಗುವ ಹಿಂದಿನ ಬಾಯಲ್ಲಿ ಬರ್ ಉಳಿದಿದೆ. ಬ್ಯಾರಲಿನ ತುದಿಯ ಅಂಚಿಗೆ ಕಿವಿ ಒರೆಸುವ ಹತ್ತಿಕಡ್ಡಿಯನ್ನು ಸುತ್ತಲೂ ಆಡಿಸಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಚೂಪಿದೆ. ಪೆಲೆಟ್ ಹೊರಡುವ ಕ್ಷಣ ಗಾಳಿ ಒಂದೇ ಕಡೆ ಜಾಸ್ತಿ ನುಗ್ಗಿ ಅದನ್ನು ವಾಲಿಸುತ್ತದೆ.

ವೇಗ ಅಳೆಯಲು ಕ್ರೋನೋಗ್ರಾಫ್ ಬೇಕು. ನಿಮ್ಮ ರೇಂಜಿನಲ್ಲಿ ಕೇಳಿ ನೋಡಿ, ಯಾರ ಹತ್ತಿರವಾದರೂ ಇರುತ್ತದೆ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ಹೋದರೆ ಸುಮಾರು 7.7 ಜೂಲ್. ಮ್ಯಾಚಿಗೆ ಅಷ್ಟು ಸಾಕು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಕೊಳ್ಳುವ ಏರ್ ರೈಫಲ್‌ಗೆ 4.5 ಮಿಲಿಮೀಟರ್ ಬೋರ್, 20 ಜೂಲ್ ಮಿತಿ ಇದೆ. ನಿಮ್ಮದು ಅದನ್ನು ದಾಟುತ್ತಿದ್ದರೆ ಇಟ್ಟುಕೊಳ್ಳಬೇಡಿ.

ಹತ್ತು ಗುಂಡು ಹೊಡೆದು ಅತಿ ಹೆಚ್ಚು, ಅತಿ ಕಡಿಮೆ ವೇಗ ಬರೆಯಿರಿ. ಮೂರು ನಾಲ್ಕು ಮೀಟರ್ ವ್ಯತ್ಯಾಸಕ್ಕೆ ನಾನು ಒಪ್ಪುತ್ತೇನೆ. ಎಂಟು ಬಂದರೆ ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ: 170ರಲ್ಲಿ ಹೋದ ಪೆಲೆಟ್ 10 ಮೀಟರಿಗೆ ಸುಮಾರು 17 ಮಿಲಿಮೀಟರ್ ಇಳಿಯುತ್ತದೆ, 162ರಲ್ಲಿ ಹೋದದ್ದು 18.7. ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಬರೀ 0.5 ಮಿಲಿಮೀಟರ್, ಒಂದು ಸುತ್ತಿನಿಂದ ಇನ್ನೊಂದಕ್ಕೆ 2.5. ಮಗು ಸರಿಯಾಗಿ ಗುರಿ ಹಿಡಿದರೂ ರೈಫಲೇ 1.7 ಮಿಲಿಮೀಟರ್ ಕಸಿದುಕೊಳ್ಳುತ್ತದೆ. ಮಗು ಮಾತ್ರ ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತದೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಆಮೇಲೆ ಅರ್ಧ ಗಂಟೆ ಸುಮ್ನೆ ಬಿಟ್ಟು ಒಂದು ಗುಂಡು ಹೊಡೆಯಿರಿ. ಅದೊಂದೇ ಬೇರೆ ವೇಗದಲ್ಲಿ ಹೋದರೆ ಪ್ರತಿ ಗುಂಡಿಗೂ ಒಂದೇ ಒತ್ತಡದ ಗಾಳಿ ಕೊಡಬೇಕಾದ ರೆಗ್ಯುಲೇಟರ್ ಆ ಒತ್ತಡ ಹಿಡಿದಿಡುತ್ತಿಲ್ಲ ಎಂದರ್ಥ. ಒಳಗಿನ ವಾಲ್ವ್ ಸೀಟಿನಲ್ಲಿ ಗೀರು ಅಥವಾ ಲೋಹದ ಪುಡಿ ಇರಬಹುದು.

ಗುಂಪು, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳು ಎಷ್ಟು ಹತ್ತಿರ ಬೀಳುತ್ತವೆ ಎಂದು, ನೋಡುವಾಗ ರೈಫಲನ್ನು ಮರಳಿನ ಚೀಲದ ಮೇಲೆ ಗಟ್ಟಿಯಾಗಿ ಕೂರಿಸಿ. 4.49ರಿಂದ 4.52 ಮಿಲಿಮೀಟರ್ ತನಕ ತಲೆಯ ಅಳತೆಯ ಪೆಲೆಟ್‌ಗಳು ಸಿಗುತ್ತವೆ, ಕನಿಷ್ಠ ಎರಡು ಅಳತೆಯಲ್ಲಿ ಐದೈದು ಗುಂಡಿನ ಹಲವು ಗುಂಪು ಹೊಡೆಯಿರಿ. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿಲಿಮೀಟರ್ ಒಳಗೆ ಬಂದರೆ ಕಲಿಯುವ ಮಗುವಿಗೆ ಒಳ್ಳೆಯ ರೈಫಲ್. ನಾಲ್ಕು ಒಂದೇ ತೂತಿಗೆ ಹೋಗಿ ಐದನೆಯದು ಹಾರಿದರೆ "ಅದೊಂದು ಬಿಡಿ" ಎಂದು ಅಂಗಡಿಯವರು ಹೇಳುತ್ತಾರೆ. ಬಿಡಬೇಡಿ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಏಷ್ಯನ್ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದರು. 40 ಗುಂಡು, ಎಲ್ಲವೂ ಹತ್ತು. ಐದಕ್ಕೊಂದು ಹಾರುವ ರೈಫಲ್ ಹಿಡಿದು ಯಾರಿಗೂ ಅದು ಆಗುವುದಿಲ್ಲ, ಅಲ್ವಾ?

ಗುರಿ ನೋಡುವ ಹಿಂದಿನ ಸೈಟನ್ನು ಮಧ್ಯಕ್ಕೆ ತಂದು, ಗುರಿಗೆ ಕೂರಿಸಲು ಅದರ ತಿರುಪನ್ನು ಎಷ್ಟು ಕ್ಲಿಕ್ ತಿರುಗಿಸಬೇಕಾಯಿತು ಎಂದು ಎಣಿಸಿ. ಒಂದೇ ಬದಿಗೆ ಕೊನೆತನಕ ತಿರುಗಿಸಬೇಕಾಗಿ ಬಂದರೆ ಬ್ಯಾರಲೂ ಸೈಟ್ ಕೂರುವ ಪಟ್ಟಿಯೂ ಒಂದೇ ಗೆರೆಯಲ್ಲಿಲ್ಲ.

ಬಣ್ಣದ ಕಲೆ, ಮರದ ಮೇಲಿನ ಗೀರು ಇವಕ್ಕೆಲ್ಲ ನಾನು ಜಗಳ ಮಾಡುವುದಿಲ್ಲ. ಸೋರಿಕೆ, ಬ್ಯಾರಲ್, ಟ್ರಿಗರ್, ಸೈಟಿನ ಗೆರೆ, ಈ ನಾಲ್ಕರಲ್ಲಿ ಒಂದು ಕೆಟ್ಟಿದ್ದರೂ ವಾಪಸ್ ಕೊಡಿ. ಸಣ್ಣ ಕಾರ್ಖಾನೆಯಲ್ಲಿ ಎಷ್ಟೋ ಸಲ ಮಾಲೀಕರೇ ಫೋನ್ ಎತ್ತುತ್ತಾರೆ. ಸೀರಿಯಲ್ ನಂಬರ್, ಪೆಲೆಟ್ ಡಬ್ಬಿಯ ಅಳತೆ, ವೇಗದ ಪಟ್ಟಿ, ಟಾರ್ಗೆಟ್ ಕಾಗದದ ಫೋಟೊ ಕಳಿಸಿ. ಮರಾಠಿಯಲ್ಲಿ ಮಾತಾಡಿದರೆ ಅರ್ಧ ಕೆಲಸ ಆದಂತೆಯೇ. ಏನು ಬದಲಿಸಿದಿರಿ ಎಂದು ಬರಹದಲ್ಲಿ ಕೇಳಿ. ಉಳಿದ ಪೆಲೆಟ್ ಡಬ್ಬಿಯನ್ನು ಖಾಲಿ ಮಾಡದೆ ಇಟ್ಟುಕೊಳ್ಳಿ, ರೈಫಲ್ ತಿರುಗಿ ಬಂದಾಗ ಅದೇ ಡಬ್ಬಿಯಿಂದ ಇದೇ ಪರೀಕ್ಷೆಗಳನ್ನು ಮೊದಲಿನಿಂದ ಮಾಡಬೇಕಾಗುತ್ತದೆ.