ಹೆಪ್ಪು ಹಾಕುವ ಮೊದಲು ಕೆಸರಿನ ಡಿಎನ್‌ಎ ಓದಿದ್ದು

ಕೋಲಾರದ ಹೊರವಲಯದ ಒಂದು ವಿದ್ಯಾರ್ಥಿನಿಲಯದ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ ಕಳೆದ ವರ್ಷ ಹೊರಬರುವ ನೀರಿನ ಅಮೋನಿಯ ಒಮ್ಮೆಲೇ ಏರಿ, ಐದು ವಾರ ಕಳೆದರೂ ಇಳಿಯದೆ ನಿಂತಿತು. ಆ ನೀರು ಹೋಗುವುದು ಪಕ್ಕದ ತೋಟಕ್ಕೆ ಮತ್ತು ಅಲ್ಲಿಂದ ಕೆಳಗಿನ ಕೆರೆಗೆ. ಜೀವನದಿಯಿಲ್ಲದ ಈ ಜಿಲ್ಲೆಯ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರೇ ಹರಿದು ಬರುತ್ತಿರುವುದರಿಂದ, ಶುದ್ಧೀಕರಣ ಎಷ್ಟರಮಟ್ಟಿಗೆ ನಡೆದಿದೆ ಎಂಬ ಪ್ರಶ್ನೆ ಇಲ್ಲಿ ಪ್ರಯೋಗಾಲಯದವರಿಗಷ್ಟೇ ಸೇರಿದ್ದಲ್ಲ. ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುವ ನಾನು ಆ ಘಟಕದ ಕೆಸರಿನಲ್ಲಿ ಯಾವ ಬ್ಯಾಕ್ಟೀರಿಯಾಗಳಿವೆ, ಯಾವುವು ಇಲ್ಲ ಎಂಬುದನ್ನು ಡಿಎನ್‌ಎ ಅನುಕ್ರಮದಿಂದ ತಿಳಿಯಲು ಹೊರಟಿದ್ದು ಆ ಕಾರಣಕ್ಕೆ.

ಅನುಕ್ರಮಕ್ಕೆ ಮೊದಲು ಮಾಡಬೇಕಾದ ಸರಳ ಪರೀಕ್ಷೆಗಳನ್ನು ಮಾಡಿದೆವು. ಕೆಸರಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ಬಳಸಿ ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುತ್ತವೆ. ಒಂದು ಮಿಲಿಗ್ರಾಂ ಅಮೋನಿಯ-ಸಾರಜನಕ ಪೂರ್ತಿ ನೈಟ್ರೇಟ್ ಆಗಲು ಸುಮಾರು 4.57 ಮಿಲಿಗ್ರಾಂ ಆಮ್ಲಜನಕ ಬೇಕು. ಜೊತೆಗೆ ನೀರು ಆಮ್ಲೀಯವಾಗದಂತೆ ತಡೆಯುವ ಕ್ಷಾರೀಯತೆ ಸುಮಾರು 7.14 ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಖರ್ಚಾಗುತ್ತದೆ. ಗಾಳಿ ಊದುವ ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಮೇಲಿತ್ತು, ಕ್ಷಾರೀಯತೆಗೂ ಕೊರತೆ ಇರಲಿಲ್ಲ. ಕಾರಣ ಸಿಕ್ಕಿದ್ದು ಆಪರೇಟರ್ ಹೇಳಿದ ಒಂದು ಮಾತಿನಲ್ಲಿ: "ಮೇಡಂ, ಸೆಟ್ಲಿಂಗ್ ಟ್ಯಾಂಕಿಂದ ಕೆಸರು ಉಕ್ಕಿ ಬರ್ತಿತ್ತು. ದಿನಾ ಜಾಸ್ತಿ ತೆಗೀರಿ ಅಂದ್ರು, ಮೂರು ವಾರ ತೆಗೆದು ಡ್ರೈಯಿಂಗ್ ಬೆಡ್‌ಗೆ ಬಿಟ್ವಿ." ಲೆಕ್ಕ ಹಾಕಿ ನೋಡಿದರೆ ಕೆಸರಿನ ವಯಸ್ಸು, ಅಂದರೆ ಅದು ತೊಟ್ಟಿಯಲ್ಲಿ ಸರಾಸರಿ ಉಳಿಯುವ ಕಾಲ, ಮೂರು ದಿನಕ್ಕೂ ಕಡಿಮೆಯಾಗಿತ್ತು. ಅಮೋನಿಯವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುವಂಥವು. ಅವು ಹುಟ್ಟುವ ವೇಗಕ್ಕಿಂತ ನಾವು ಹೊರಗೆ ಚೆಲ್ಲುವ ವೇಗ ಹೆಚ್ಚಾದರೆ ತೊಟ್ಟಿಯಲ್ಲಿ ಉಳಿಯಲಾರವು.

ಗಾಳಿ ಊದಿ ಕೆಸರಿನ ಬ್ಯಾಕ್ಟೀರಿಯಾಗಳಿಂದ ನೀರು ಶುದ್ಧಿಮಾಡುವ ಈ ವಿಧಾನದ ಹುಟ್ಟೇ ಕೆಸರನ್ನು ಉಳಿಸಿಕೊಳ್ಳುವುದರಲ್ಲಿದೆ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಅವರು ತಳಕ್ಕೆ ಕೂತ ಕೆಸರನ್ನು ಚೆಲ್ಲದೆ ಹೊಸ ಕೊಳಚೆನೀರಿಗೆ ಮತ್ತೆ ಮತ್ತೆ ಬಳಸಿದಾಗ ಶುದ್ಧೀಕರಣಕ್ಕೆ ಬೇಕಾದ ಕಾಲ ವಾರಗಳಿಂದ ಗಂಟೆಗಳಿಗೆ ಇಳಿಯಿತು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಮನೆಯಲ್ಲಿ ಹೆಪ್ಪಿಗೆಂದು ಒಂದಿಷ್ಟು ಮೊಸರನ್ನು ಎತ್ತಿಡುವ ಹಾಗೆಯೇ ಇದು. ನಮ್ಮ ಘಟಕದಲ್ಲಿ ಹೆಪ್ಪೇ ಬರಿದಾಗಿತ್ತು.

ಕೆಸರು ತೆಗೆಯುವುದನ್ನು ನಿಲ್ಲಿಸಿ ಎರಡು ವಾರ ಕಾದರೂ ಅಮೋನಿಯ ಕದಲಲಿಲ್ಲ. ಹಾಗಾಗಿ ಬೇರೆ ಘಟಕದಿಂದ ಕೆಸರು ತರಿಸುವುದೆಂದು ತೀರ್ಮಾನವಾಯಿತು. ಕೊಡಲು ಎರಡು ಘಟಕದವರು ಒಪ್ಪಿದರು. ಎರಡರಲ್ಲಿ ಯಾವುದು? ಅನುಕ್ರಮ ನಿಜವಾಗಿ ಬೇಕಾದದ್ದು ಈ ಪ್ರಶ್ನೆಗೆ.

ಮಾದರಿಗಳನ್ನು ಬೆಳಿಗ್ಗೆ ಒಂದೇ ಹೊತ್ತಿಗೆ, ಗಾಳಿ ಊದುತ್ತಿರುವಾಗಲೇ, ತೊಟ್ಟಿಯ ಒಂದೇ ಜಾಗದಿಂದ ತೆಗೆದೆವು. ಮೊದಲ ಸಲ ತಂದ ಮಾದರಿಗಳು ಕೆಟ್ಟುಹೋದವು: ರಾತ್ರಿ ಕರೆಂಟ್ ಹೋಗಿ ಫ್ರೀಜರ್ ಕರಗಿ, ಬೆಳಿಗ್ಗೆ ಟ್ಯೂಬುಗಳು ವಾಸನೆ ಬರುತ್ತಿದ್ದವು. ಹೀಗೆ ಕರಗಿ ಬೆಚ್ಚಗಾದ ಕೆಸರಿನಲ್ಲಿ ಬೇಗ ಬೆಳೆಯುವ ಬ್ಯಾಕ್ಟೀರಿಯಾಗಳು ಹೆಚ್ಚಿಕೊಳ್ಳುವುದರಿಂದ ಅದನ್ನು ಓದಿದರೂ ಸಿಗುವುದು ನಮ್ಮ ಫ್ರೀಜರಿನ ಕಥೆಯೇ ಹೊರತು ತೊಟ್ಟಿಯದಲ್ಲ. ಆಮೇಲಿಂದ 2 ಮಿಲಿಲೀಟರ್ ಕೆಸರನ್ನು ನೀರು ಬಸಿದು, ಸ್ಥಳದಲ್ಲಿಯೇ ಶುದ್ಧ ಎಥನಾಲ್‌ಗೆ ಹಾಕಿಡುವ ಅಭ್ಯಾಸ ಮಾಡಿಕೊಂಡೆ.

ಡಿಎನ್‌ಎ ಬೇರ್ಪಡಿಸುವಾಗ ಕೋಶಗಳನ್ನು ಒಡೆಯಲು ರಾಸಾಯನಿಕವನ್ನಷ್ಟೇ ನಂಬದೆ ಸಣ್ಣ ಮಣಿಗಳ ಜೊತೆ ರಭಸವಾಗಿ ಕುಲುಕಿದೆವು. ಇದನ್ನು ಬಿಡುವಂತಿರಲಿಲ್ಲ, ಏಕೆಂದರೆ ತೊಟ್ಟಿಯ ಮೇಲೆ ದಪ್ಪ ಕಂದುನೊರೆ ಕಟ್ಟಿಸುವ ಗಾರ್ಡೋನಿಯಾ ಎಂಬ ಬ್ಯಾಕ್ಟೀರಿಯಾದ ಕೋಶಭಿತ್ತಿ ಗಟ್ಟಿಯಾದದ್ದು. ಅದು ಸರಿಯಾಗಿ ಒಡೆಯದಿದ್ದರೆ ಕೊನೆಗೆ ಸಿಗುವ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ಅದರ ಪಾಲು ಕಡಿಮೆ ಕಾಣುತ್ತದೆ, ನೊರೆಯ ಕೆಸರನ್ನೇ ಒಳ್ಳೆಯದೆಂದು ತರುವ ಅಪಾಯವಿರುತ್ತದೆ. ಸಿಕ್ಕ ಡಿಎನ್‌ಎ ತಿಳಿಗಂದು ಬಣ್ಣಕ್ಕಿತ್ತು, ಓದಬೇಕಾದ ಜೀನಿನ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ನಡೆಯಲಿಲ್ಲ. ಕೆಸರಿನ ಹ್ಯೂಮಿಕ್ ಆಮ್ಲಗಳು ಕಿಣ್ವವನ್ನು ತಡೆಯುತ್ತವೆ. ಹತ್ತು ಪಟ್ಟು ತೆಳು ಮಾಡಿದ ಮೇಲೆ ಜೆಲ್‌ನಲ್ಲಿ ಪಟ್ಟೆ ಸ್ಪಷ್ಟವಾಗಿ ಮೂಡಿತು. ಬರೀ ನೀರು ಹಾಕಿದ ನಿಯಂತ್ರಣ ಟ್ಯೂಬಿನಲ್ಲೂ ಒಮ್ಮೆ ಮಸುಕಾದ ಪಟ್ಟೆ ಕಂಡಿತು, ಅಂದರೆ ಹೊರಗಿನ ಡಿಎನ್‌ಎ ಸೇರಿಕೊಂಡಿತ್ತು. ಆ ಸರಣಿಯನ್ನೆಲ್ಲ ಎಸೆದು ಹೊಸ ದ್ರಾವಣಗಳಿಂದ ಮತ್ತೆ ಶುರುಮಾಡಿದೆವು.

ಓದಿದ್ದು, ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದ್ದು ಕುಲದಿಂದ ಕುಲಕ್ಕೆ ತುಸು ಬೇರೆಯಾಗಿರುವ 16ಎಸ್ ಆರ್‌ಆರ್‌ಎನ್‌ಎ ಜೀನನ್ನು, ಅದರ ಸುಮಾರು 1,500 ಅಕ್ಷರಗಳಷ್ಟು ಪೂರ್ಣ ಉದ್ದಕ್ಕೆ, ಬೆಂಗಳೂರಿನ ಸ್ನೇಹಿತರ ಪ್ರಯೋಗಾಲಯದಲ್ಲಿದ್ದ ಮಿನ್‌ಅಯಾನ್ ಎಂಬ ಅಂಗೈಯಗಲದ ನ್ಯಾನೋಪೋರ್ ಯಂತ್ರದಲ್ಲಿ. ಹೆಸರು ಹಚ್ಚಲು ಮೊದಲು ಸಾಮಾನ್ಯ ಬಳಕೆಯ ಸಿಲ್ವಾ ದತ್ತಕೋಶ ಬಳಸಿದಾಗ ಬಹಳಷ್ಟು ಹೆಸರಿಲ್ಲದೆ ಉಳಿದವು. ಶುದ್ಧೀಕರಣ ಘಟಕಗಳಿಗಾಗಿಯೇ ಡೆನ್ಮಾರ್ಕಿನ ಆಲ್‌ಬೋರ್ ವಿಶ್ವವಿದ್ಯಾಲಯ ಕಟ್ಟಿದ ಮೈಡಾಸ್ ದತ್ತಕೋಶದಲ್ಲಿ ಅವುಗಳ ಪೈಕಿ ಹೆಚ್ಚಿನವು ನೆಲೆ ಕಂಡವು.

ನಮ್ಮ ತೊಟ್ಟಿಯ ಸುಮಾರು 40,000 ಓದುಗಳಲ್ಲಿ (ಯಂತ್ರ ಓದಿದ ಒಂದೊಂದು ಡಿಎನ್‌ಎ ಎಳೆ ಒಂದು ಓದು), ಸಾಮಾನ್ಯವಾಗಿ ನೈಟ್ರೈಟನ್ನು ನೈಟ್ರೇಟ್ ಮಾಡುವ ನೈಟ್ರೋಸ್ಪೈರಾದವು ಮೂರೇ ಮೂರು. ಒಟ್ಟಿಗೆ ಓಡಿಸಿದ ಮಾದರಿಗಳ ನಡುವೆ, ಯಾವ ಓದು ಯಾವ ಮಾದರಿಯದೆಂದು ಹೇಳುವ ಗುರುತುಪಟ್ಟಿ ಬದಲಾಗಿ ಅಷ್ಟು ಓದುಗಳು ದಾಟಿಬರುವುದುಂಟಾದ್ದರಿಂದ ಅವನ್ನು ನಾನು ಇಲ್ಲವೆಂದೇ ಎಣಿಸಿದೆ. ಮೊದಲನೇ ಘಟಕದ ಕೆಸರಿನಲ್ಲಿ ನೈಟ್ರೋಸ್ಪೈರಾ ನೂರಕ್ಕೆ ಎರಡರಷ್ಟು, ಗಾರ್ಡೋನಿಯಾ ಆರರಷ್ಟು; ಎರಡನೆಯದರಲ್ಲಿ ನೈಟ್ರೋಸ್ಪೈರಾ ಒಂದಕ್ಕಿಂತ ತುಸು ಹೆಚ್ಚು, ಜೊತೆಗೆ ಅಮೋನಿಯವನ್ನು ನೈಟ್ರೈಟ್ ಮಾಡುವ ನೈಟ್ರೋಸೋಮೊನಾಸ್, ಗಾರ್ಡೋನಿಯಾ ಹೆಸರಿಗೆ ಮಾತ್ರ.

ಈ ಶೇಕಡಾವಾರುಗಳನ್ನು ಓದುವುದರಲ್ಲಿ ಎಚ್ಚರ ತಪ್ಪಬಾರದು, ಮತ್ತು ಹೊಸಬರು ಹೆಚ್ಚು ಎಡವುವುದನ್ನು ನಾನು ಕಂಡಿರುವುದೂ ಇಲ್ಲಿಯೇ. ಇ. ಕೋಲಿಯ ಒಂದು ಕೋಶದಲ್ಲಿ ಈ ಜೀನಿನ ಏಳು ಪ್ರತಿಗಳಿದ್ದರೆ ನೈಟ್ರೋಸ್ಪೈರಾದಲ್ಲಿ ಒಂದೇ, ಆದ್ದರಿಂದ ನೈಟ್ರೋಸ್ಪೈರಾದ ನೂರಕ್ಕೆ ಒಂದು ಕಾಣುವಷ್ಟು ಕಡಿಮೆಯದಲ್ಲ. ಇನ್ನೊಂದು, ಉಳಿದವು ಸತ್ತರೆ ಒಂದು ಜಾತಿ ತಾನು ಬೆಳೆಯದೆಯೂ ಪಟ್ಟಿಯಲ್ಲಿ ಮೇಲೇರುತ್ತದೆ. ಲೀಟರಿಗೆ ಎಷ್ಟು ಗ್ರಾಂ ಕೆಸರಿದೆ ಎಂಬ ಅಳತೆ ಪಕ್ಕದಲ್ಲಿಲ್ಲದಿದ್ದರೆ ಪಟ್ಟಿ ದಾರಿ ತಪ್ಪಿಸುತ್ತದೆ. ಸತ್ತ ಕೋಶದ ಡಿಎನ್‌ಎ ಕೂಡ ಓದಿಗೆ ಸಿಗುತ್ತದೆ. ಆದ್ದರಿಂದ ಎರಡೂ ಕೆಸರುಗಳನ್ನು ಒಂದೊಂದು ಲೀಟರ್ ತಂದು, ಅಮೋನಿಯಂ ಕ್ಲೋರೈಡ್ ಹಾಕಿ, ನಾಲ್ಕು ಗಂಟೆ ಗಾಳಿ ಊದಿ, ಅಮೋನಿಯ ನಿಜವಾಗಿ ಇಳಿಯುವುದನ್ನು ಅಳೆದೆವು. ಪ್ರತಿ ಗ್ರಾಂ ಕೆಸರಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿದ್ದವು. ನೊರೆಯ ಭಯವಿಲ್ಲದ ಎರಡನೆಯದನ್ನು ಆರಿಸಿದೆವು.

ಎರಡು ಟ್ಯಾಂಕರ್ ಕೆಸರು ಬಂತು. ಒಂಬತ್ತನೇ ದಿನ ಅಮೋನಿಯ ಇಳಿಯತೊಡಗಿತು. ಮೊದಲು ನೈಟ್ರೈಟ್ ಏರಿ, ಆಮೇಲಷ್ಟೇ ನೈಟ್ರೇಟ್ ಏರಿತು. ಒಂದೇ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೇಟ್‌ವರೆಗೂ ಒಯ್ಯಬಲ್ಲದು ಎಂದು 2015ರಲ್ಲಿ ಗೊತ್ತಾದದ್ದು ನೈಟ್ರೋಸ್ಪೈರಾ ಕುಲದಲ್ಲಿಯೇ. ನಮ್ಮ ನೈಟ್ರೋಸ್ಪೈರಾ ಅಂಥದ್ದೋ, ನೈಟ್ರೈಟನ್ನಷ್ಟೇ ಬಳಸುವುದೋ ಎಂಬುದನ್ನು 16ಎಸ್ ಹೇಳಲಾರದು. ಅದಕ್ಕೆ ಅಮೋನಿಯವನ್ನು ಉತ್ಕರ್ಷಿಸುವ ಕಿಣ್ವದ ಅಮೋಎ ಎಂಬ ಜೀನನ್ನು, ಪಿಸಿಆರ್ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಬೇರೆ ಪ್ರೈಮರ್‌ಗಳಿಂದ ಹುಡುಕಬೇಕು. ನೈಟ್ರೈಟ್ ಹಾಗೆ ನಡುವೆ ಏರಿದ್ದರಿಂದ ನೈಟ್ರೋಸೋಮೊನಾಸ್ ಮೊದಲ ಹೆಜ್ಜೆಯನ್ನು ತಾನೇ ಇಟ್ಟಿದೆ ಎಂದು ಸದ್ಯಕ್ಕೆ ಭಾವಿಸಿದ್ದೇನೆ. ಅಮೋಎ ಪರೀಕ್ಷೆಗೆಂದು ಆ ದಿನಗಳ ಮಾದರಿಗಳನ್ನು ಎಥನಾಲ್‌ನಲ್ಲಿ ಇಟ್ಟಿದ್ದೇನೆ. ಎಷ್ಟು ಲೀಟರ್ ಕೆಸರು ಹೊರತೆಗೆದರು ಎಂಬುದನ್ನು ಆಪರೇಟರ್ ಈಗ ದಿನವೂ ಪುಸ್ತಕದಲ್ಲಿ ಬರೆಯುತ್ತಾರೆ. ಮಾದರಿ ತರಲು ಹೋದಾಗಲೆಲ್ಲ ನಾನು ಮೊದಲು ನೋಡುವುದು ಆ ಪುಟವನ್ನು.